ಪೂಜೆಗೆ ಇಟ್ಟ ಸ್ಕ್ರೂ

ಮಿರಜಿನ ಆಸ್ಪತ್ರೆಗಳಲ್ಲಿ ನನ್ನ ಹೆಸರು ಸ್ಕ್ರೂ. ಅಪ್ಪ ಧರೆಪ್ಪ ಇಟ್ಟದ್ದು ಅಮರ ಎಂದು. ಆದರೆ ಆಪರೇಶನ್ ಥಿಯೇಟರಿನ ಬಾಗಿಲನ್ನು ಅರ್ಧ ತೆರೆದು ಸಿಸ್ಟರ್ ಕೂಗುವುದು, "ಏ ಸ್ಕ್ರೂ, ಒಳಗ ಬಾ!" ಎಂದೇ. ಬೆನ್ನುಮೂಳೆಗೆ ಹಾಕುವ ಸ್ಕ್ರೂ, ರಾಡುಗಳ ಪೆಟ್ಟಿಗೆಯನ್ನು ಬೈಕಿನ ಹಿಂದೆ ಕಟ್ಟಿಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವುದು ನನ್ನ ನೌಕರಿ. ಡಾಕ್ಟರರು ಕೇಳಿದ ಅಳತೆಯದನ್ನು ಬೆರಳು ಮಾಡಿ ತೋರಿಸಬೇಕು, ಉಳಿದ ಹೊತ್ತು ಗೋಡೆಯ ಬಣ್ಣದಂತೆ ಸುಮ್ಮನೆ ಇರಬೇಕು. ಮೊದಲ ದಿನ ಅದೂ ಆಗಲಿಲ್ಲ, ನಿಂತಲ್ಲೇ ಬಿದ್ದೆ. ಪೇಶಂಟನನ್ನು ಬಿಟ್ಟು ನನಗೆ ಸಲಾಯಿನ್ ಹಚ್ಚಿದರು. ಜತ್ತ ಕಡೆ ಕುರಿ ಸಾಕಿಕೊಂಡಿರುವ ಅಪ್ಪ ಇದನ್ನು ಕೇಳಿ, "ಕುರಿ ಕೊಯ್ಯೂ ಮುಂದ ಹಿತ್ತಲಕ್ಕ ಓಡತಿದ್ದಿ. ಈಗ ಮನಷ್ಯಾರ ಬೆನ್ನ ನೋಡಾಕ ಹೋಗಿಯೇನೋ?" ಎಂದು ನಕ್ಕಿದ್ದ.

ನನ್ನ ಚರಿತ್ರೆ ಇಷ್ಟಕ್ಕೇ ಮುಗಿಯುತ್ತದೆ. ಹೇಳುವಂಥದ್ದು ಇರುವುದು ನನ್ನ ಮಾಲಕರದು.

ಮಾಲಕರ ಹೆಸರು ಶಿವಲಿಂಗಪ್ಪ. ನಮಗೆಲ್ಲ ಕಾಕಾ. ಕುಪವಾಡದ ಎಮ್‌ಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಅವರದೊಂದು ಸಣ್ಣ ಕಾರಖಾನೆ, ಹೆಂಡತಿ ನೀಲಗಂಗವ್ವನ ಹೆಸರಿನಲ್ಲಿ. ಕಾಕಾರ ಅಪ್ಪ ಸಾಂಗಲಿಯ ಅರಿಶಿನ ಪೇಟೆಯ ವ್ಯಾಪಾರಿ. ಆ ಕಾಲದಲ್ಲಿ ಪೇಟೆಯಲ್ಲಿ ಬಾಯಿಬಿಟ್ಟು ದರ ಹೇಳುತ್ತಿರಲಿಲ್ಲವಂತೆ. ಟವೆಲಿನ ಕೆಳಗೆ ಕೈ ಹಾಕಿ, ಒಬ್ಬರ ಬೆರಳು ಇನ್ನೊಬ್ಬರು ಹಿಡಿದು ಒತ್ತಿದರೆ ವ್ಯವಹಾರ ಮುಗಿಯಿತು. ಪಕ್ಕದಲ್ಲಿ ನಿಂತವನಿಗೆ ಸುಳಿವೂ ಸಿಗುತ್ತಿರಲಿಲ್ಲ. ಟವೆಲಿನ ಕೆಳಗೆ ಅಷ್ಟು ಗುಟ್ಟು ಮುಚ್ಚಿಟ್ಟ ಮನುಷ್ಯನ ಹೊಟ್ಟೆಯಲ್ಲಿ ಹುಟ್ಟಿದ ಕಾಕಾರಿಗೆ ಮುಚ್ಚಿಡುವ ವಿದ್ಯೆಯೊಂದು ಬಿಟ್ಟು ಮಿಕ್ಕಿದ್ದೆಲ್ಲ ಬಂತು. ಹೊಸ ಅಂಗಿ ಹೊಲಿಸಿದರೂ ಒಳಗಿನ ಜೇಬನ್ನು ಹೊರಳಿಸಿ ತೋರಿಸುವವರು ಅವರು.

ಅಂಗಡಿಯಲ್ಲಿ ಕೂಡ್ರಲಾರೆನೆಂದು ಲೇಥ್ ಮಶೀನಿನ ಕೆಲಸಕ್ಕೆ ಸೇರಿದರು. ಜೊತೆಗೆ ಕಲಿತವರು ರಾವಸಾಬ. ಇಬ್ಬರೂ ಕೂಡಿಯೇ ಪಂಪಿನ ಬಿಡಿಭಾಗ ಮಾಡಿದರು, ಒಬ್ಬರಿಗೊಬ್ಬರು ಎದುರಾಗಿ ಎರಡು ಶೆಡ್ಡು ಹಾಕಿದರು. ಒಂದು ದಿನ ಮಿರಜಿನ ಡಾಕ್ಟರೊಬ್ಬರು ಮುರಿದ ವಿಲಾಯತಿ ಸ್ಕ್ರೂ-ಡ್ರೈವರು ಹಿಡಿದುಕೊಂಡು ಬಂದು, "ಇಂಥಾದ್ದ ಒಂದು ಮಾಡಿಕೊಡ್ತೀರೇನು?" ಎಂದು ಕೇಳಿದರು. ಕಾಕಾ ಮಾಡಿಕೊಟ್ಟರು. ಕೊಡುವುದಕ್ಕೆ ಮೊದಲು ರಸ್ತೆ ದಾಟಿ ರಾವಸಾಬರಿಗೆ ತೋರಿಸಿಯೂ ಬಂದರು. ಹೀಗಾಗಿ ಕುಪವಾಡದ ಆ ಓಣಿಯಲ್ಲಿ ಬೆನ್ನುಮೂಳೆಯ ಧಂದೆ ಶುರುವಾದದ್ದೇ ಎದುರುಬದುರು ಎರಡು ಶೆಡ್ಡುಗಳಲ್ಲಿ. ಬೆಳಗಿನ ಚಹಾ ಮಾತ್ರ ಇವತ್ತಿಗೂ ನಮ್ಮಲ್ಲೇ. ನೀಲಗಂಗವ್ವ ಕಾಕೂ ಮನೆಯಿಂದ ತರುವ ಥರ್ಮಾಸಿನ ಚಹಾ ಬಿಟ್ಟು ಬೇರೆ ಚಹಾ ರಾವಸಾಬರ ಗಂಟಲಲ್ಲಿ ಇಳಿಯುವುದಿಲ್ಲ.

ಇಷ್ಟೆಲ್ಲ ರಾಮಾಯಣಕ್ಕೆ ಮೂಲ ಆ ಥರ್ಮಾಸೇ.

ಬೆನ್ನುಮೂಳೆಯ ಆಪರೇಶನ್ನಿನಲ್ಲಿ ಎಲುಬುಗಳಿಗೆ ಸ್ಕ್ರೂ ಕೂಡಿಸುತ್ತಾರೆ. ಪ್ರತಿ ಸ್ಕ್ರೂವಿನ ತಲೆ ಸಣ್ಣ ಕಪ್ಪಿನಂತೆ ತೆರೆದಿರುತ್ತದೆ. ಆ ಕಪ್ಪುಗಳಲ್ಲಿ ಹಾಯುವಂತೆ ಒಂದು ರಾಡು ಮಲಗಿಸಿ, ಮೇಲೆ ಒಂದೊಂದು ತಿರುಪಿನ ಮುಚ್ಚಳ ಬಿಗಿಯುತ್ತಾರೆ. ಮುಚ್ಚಳ ಸೊಟ್ಟಗೆ ಕುಳಿತರೆ ಒಳಗಿನ ತಿರುಪಿನ ಎಳೆ ಕೆಡುತ್ತದೆ. ಎಳೆ ಕೆಟ್ಟರೆ ಡಾಕ್ಟರರ ತಲೆ ಕೆಡುತ್ತದೆ. ಬೈಗುಳ ತಿನ್ನಲು ಗೋಡೆಯ ಪಕ್ಕದಲ್ಲಿ ನಾನು ಇದ್ದೇ ಇರುತ್ತೇನೆ. ಒಂದು ಬೆಳಿಗ್ಗೆ ಕಾಕಾ ಥರ್ಮಾಸಿನ ಮುಚ್ಚಳವನ್ನು ಸೊಟ್ಟ ತಿರುವಿ, ಚಹಾ ಚೆಲ್ಲಿ, ಹೆಂಡತಿಯಿಂದ ಬೈಸಿಕೊಂಡರು.

"ಮೊದಲ ನೆಟ್ಟಗ ಕುಂದ್ರಸ್ರಿ, ಆಮ್ಯಾಲ ತಿರುವ್ರಿ. ಇಷ್ಟ ವರ್ಷ ಲೇಥ್ ಮ್ಯಾಲ ಏನ ಮಾಡಿದ್ರಿ?"

ಕಾಕಾ ಚಹಾ ಒರೆಸದೆ ಎದ್ದು ಮಶೀನಿನ ಕಡೆ ನಡೆದರು. ಮುಚ್ಚಳದ ಕೆಳಗೆ ಎಳೆಯೇ ಇಲ್ಲದ ನುಣುಪಾದೊಂದು ಕೊರಳು ಬಿಟ್ಟರು. ಕೊರಳು ಮೊದಲು ಕಪ್ಪಿನೊಳಗೆ ನೆಟ್ಟಗೆ ಇಳಿಯುತ್ತದೆ, ಆಮೇಲೆ ಎಳೆ ಹಿಡಿಯುತ್ತದೆ. ಕಣ್ಣು ಮುಚ್ಚಿ ತಿರುವಿದರೂ ಸೊಟ್ಟ ಕೂಡ್ರುವ ಮಾತಿಲ್ಲ. ಮೊದಲ ಮಾದರಿ ತಯಾರಾಗುವ ಹೊತ್ತಿಗೆ ಆಯುಧಪೂಜೆಯ ಖಂಡೇನವಮಿ ಬಂತು.

ಖಂಡೇನವಮಿಯ ದಿನ ನಮ್ಮ ಓಣಿಯ ಗೇಟುಗಳೆಲ್ಲ ತೆರೆದಿರುತ್ತವೆ. ತೊಳೆದ ಮಶೀನುಗಳಿಗೆ ಝೆಂಡು ಹೂವಿನ ಮಾಲೆ, ಕುಂಕುಮ. ಬಂದವರಿಗೆಲ್ಲ ಪೇಢೆ, ಖಾರದ ಚುರುಮುರಿ ಭಡಂಗ. ಈ ಕಾರಖಾನೆಯವರು ಆ ಕಾರಖಾನೆಗೆ, ಆ ಕಾರಖಾನೆಯವರು ಈ ಕಾರಖಾನೆಗೆ. ಆ ವರ್ಷ ಮಾಡಿದ ಹೊಸ ಸಾಮಾನನ್ನು ದೇವರ ಮುಂದಿನ ತಾಟಿನಲ್ಲಿ ಇಡುವುದೂ ರೂಢಿ. ಕಾಕಾ ಹೊಸ ಸ್ಕ್ರೂವನ್ನು ಎಲೆಯಡಿಕೆಯ ಮೇಲೆ ಇಟ್ಟರು. ನಾನು ಕೆಲಸಕ್ಕೆ ಸೇರಿದ ಹೊಸತು. ಏನಾದರೂ ಮಾಡುತ್ತಿರುವವನಂತೆ ಕಾಣಬೇಕಲ್ಲ, ಮೊಬೈಲಿನಲ್ಲಿ ವಿಡಿಯೊ ತೆಗೆಯುತ್ತ ನಿಂತೆ. ವಿಡಿಯೊದಲ್ಲಿ ಮೊದಲು ನನ್ನ ಹೆಬ್ಬೆರಳು ಇದೆ. ಆಮೇಲೆ ಕಾಕಾ.

"ನೋಡ ರಾವಸಾಬ, ಮೊದಲ ಕೊರಳ ಇಳಿತೈತಿ. ನೆಟ್ಟಗ ಕುಂತ ಮ್ಯಾಲ ಎಳಿ ಹಿಡಿತೈತಿ. ಸೊಟ್ಟ ಕುಂದ್ರಸ್ತೀನಿ ಅಂದ್ರೂ ಬರೂದಿಲ್ಲ."

ಬಾಯಿತುಂಬ ಪೇಢೆ ಇಟ್ಟುಕೊಂಡ ರಾವಸಾಬರು, "ಹ್ಞೂಂ. ಕೊರಳ ಎಷ್ಟ ಉದ್ದ ಇಟ್ಟಿಯಪಾ?"

"ಎಷ್ಟಂತ ಯಾಕ ಕೇಳ್ತಿ, ನೀನ ಅಳಿ." ಎಂದು ಕಾಕಾ ಪೂಜೆಗೆ ಇಟ್ಟಿದ್ದ ವರ್ನಿಯರ್ ಅನ್ನೇ ಎತ್ತಿ, ಕುಂಕುಮ ಒರೆಸಿ, ಅವರ ಕೈಗೆ ಕೊಟ್ಟರು. ರಾವಸಾಬರು ಅಳೆದರು. ಅವರ ಮಗ ತುಷಾರನೂ ಅಳೆದ. ಗ್ಯಾಸ್ ಸಿಲಿಂಡರ್ ಇಳಿಸಲು ಬಂದಿದ್ದವನೂ ಬಗ್ಗಿ ನೋಡಿ ಕೈಮುಗಿದ. ಸಂಜೆ ಕಾಕಾರು, "ಎಲ್ಲಾರ್ಗೂ ಹಾಕೋ ಅದನ್ನ" ಎಂದರು. ವಿಡಿಯೊವನ್ನು ಎಮ್‌ಐಡಿಸಿಯ ಕಾರಖಾನೆದಾರರ ವಾಟ್ಸಾಪ್ ಗ್ರೂಪಿಗೂ, ನನ್ನ ನಂಬರನ್ನು ಇನ್ನೂ ಬ್ಲಾಕ್ ಮಾಡಿರದ ಡಾಕ್ಟರರಿಗೂ ಕಳಿಸಿದೆ.

ಪೇಟೆಂಟಿನ ಯೋಚನೆ ಬಂದದ್ದು ದಸರೆ ಮುಗಿದ ಮೇಲೆ. ಮಿರಜಿನ ಸರ್ಜನ್ನರೊಬ್ಬರು ಸ್ಕ್ರೂ ತಿರುವಿ ನೋಡಿ, "ಇದರ ಮ್ಯಾಲ ಪೇಟೆಂಟ್ ಮಾಡ್ಸ್ರಿ, ಇಲ್ಲಾಂದ್ರ ಮಂದಿ ಮಾಡ್ಸತಾರ" ಎಂದರು. ಕಾಕಾ ನನ್ನನ್ನು ಹಿಂದೆ ಕೂಡಿಸಿಕೊಂಡು ವಿಶ್ರಾಮಬಾಗದ ವಕೀಲೆ ವೃಷಾಲಿ ಮ್ಯಾಡಮ್ಮರಲ್ಲಿಗೆ ಹೋದರು. ಮ್ಯಾಡಮ್ಮರಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಮಾತಾಡುವಾಗ ಮರಾಠಿ ನಡುವೆ ನುಗ್ಗುತ್ತದೆ.

"ಅಹೋ ಕಾಕಾ, ಒಂದ ಮುಖ್ಯ ಪ್ರಶ್ನೆ. ಇದನ್ನ ಹೊರಗಿನವರಿಗೆ ಯಾರಿಗಾದ್ರೂ ತೋರ್ಸೀರಿ?"

"ಹೊರಗಿನವರಿಗೆ? ಛೆ ಛೆ. ಒಬ್ಬರಿಗೂ ಇಲ್ರಿ."

ಸುಳ್ಳು ಹೇಳುವುದು ಕಾಕಾರ ಜಾತಕದಲ್ಲೇ ಇಲ್ಲ. ಪೂಜೆಗೆ ಬಂದವರು ಅವರ ಲೆಕ್ಕದಲ್ಲಿ ಹೊರಗಿನವರಲ್ಲ. ಪೇಢೆ ತಿಂದವನು ಒಳಗಿನವನು, ಸಿಲಿಂಡರಿನವನೂ ಸೇರಿ. ಪಕ್ಕದಲ್ಲಿ ಕುಳಿತಿದ್ದ ಬಿಎಸ್ಸಿ ಪದವೀಧರನಾದ ನನಗೂ ಬೇರೆ ಏನೂ ಹೊಳೆಯಲಿಲ್ಲ. ಹೊಳೆದಿದ್ದರೆ ನಾನು ಸ್ಕ್ರೂ ಹೊರುತ್ತಿರಲಿಲ್ಲ.

"ಹಂಗಾದ್ರ ಇವತ್ತ ಅರ್ಜಿ ಹಾಕೂಣು" ಎಂದರು ಮ್ಯಾಡಮ್.

"ಇವತ್ತ ಬ್ಯಾಡ್ರಿ. ಪಾಡ್ವಾ ದಿವಸ ಹಾಕೂಣು. ನಮ್ಮ ಅಪ್ಪ ಹೊಸಾ ಕೆಲಸ ಎಂದೂ ಪಾಡ್ವಾ ಬಿಟ್ಟು ಶುರು ಮಾಡಿದಂವಲ್ಲ."

ಮ್ಯಾಡಮ್ಮರು ಹಣೆ ಹಣೆ ಚಚ್ಚಿಕೊಂಡರೂ ಕಾಕಾ ಜಗ್ಗಲಿಲ್ಲ. ದೀಪಾವಳಿಯ ಪಾಡ್ವಾ ದಿನ, ಒಳ್ಳೆಯ ಮುಹೂರ್ತದಲ್ಲಿ, ಕಂಪ್ಯೂಟರಿಗೆ ಊದಿನಕಡ್ಡಿ ಬೆಳಗಿ ಅರ್ಜಿ ಕಳಿಸಿದ್ದಾಯಿತು. ವಾಪಸು ಬರುವಾಗ ಗಣಪತಿ ಪೇಟೆಯಲ್ಲಿ ಗಾಜು ಹಾಕಿಸಿದ ಫ್ರೇಮೊಂದನ್ನು ಕೊಂಡರು. ಪೇಟೆಂಟಿನ ಪ್ರಮಾಣಪತ್ರ ಬಂದ ದಿನ ಅಂಗಡಿ ಹುಡುಕಿಕೊಂಡು ಹೋಗುವುದು ಬೇಡ ಎಂದು. ಆಫೀಸಿನಲ್ಲಿ ಬಸವಣ್ಣನ ಫೋಟೊ ಒಂದು ಕಡೆ, ಅಪ್ಪನ ಫೋಟೊ ಒಂದು ಕಡೆ, ನಡುವೆ ಖಾಲಿ ಫ್ರೇಮು. ಬಂದವರು, "ಇದೇನ್ರಿ, ಫೋಟೊ ಹಾಕ್ಸಾಕ ಮರ್ತೀರೇನು?" ಎಂದರೆ ಕಾಕಾರು, "ದಿಲ್ಲಿಯಿಂದ ಕಾಗದ ಬರೂದೈತಿ" ಎನ್ನುತ್ತಿದ್ದರು. ಕಾಗದ ಬರುವುದು ಮುಂಬಯಿಯಿಂದ. ದಿಲ್ಲಿ ಎಂದರೆ ತೂಕ ಬರುತ್ತದೆಂದು ಹಾಗೆ.

ವರ್ಷಗಳು ಉರುಳಿದವು. ಸ್ಕ್ರೂ ಚೆನ್ನಾಗಿ ಹೆಸರು ಮಾಡಿತು. ಬೈಗುಳ ಕಡಿಮೆಯಾಗಿ ನನ್ನ ಮೈಮೇಲೆ ನಾಕು ಕಿಲೊ ಬಂದವು. ಅಷ್ಟರಲ್ಲಿ ಕಾಗದ ಬಂತು, ದಿಲ್ಲಿಯಿಂದಲೂ ಅಲ್ಲ, ಮುಂಬಯಿಯಿಂದಲೂ ಅಲ್ಲ, ಎದುರಿನ ಶೆಡ್ಡಿನಿಂದ. ಅದು ವಕೀಲರ ನೋಟಿಸು. ಕೊರಳಿರುವ ಮುಚ್ಚಳದ ಪೇಟೆಂಟ್ ರಾವಸಾಬರ ಕಂಪನಿಗೆ ಸಿಕ್ಕಿದೆ, ಶಿವಲಿಂಗಪ್ಪನವರು ಕೂಡಲೇ ತಯಾರಿ ನಿಲ್ಲಿಸಬೇಕು, ಇಲ್ಲವಾದರೆ ಕೋರ್ಟು. ಪುಣೆಯಲ್ಲಿ ಮ್ಯಾನೇಜ್‌ಮೆಂಟ್ ಕಲಿತ ತುಷಾರ ದಸರೆಯ ಬನ್ನಿ ಇನ್ನೂ ಒಣಗುವ ಮೊದಲೇ ಅರ್ಜಿ ಹಾಕಿದ್ದ. ಅವನಿಗೆ ಮುಹೂರ್ತ ಬೇಕಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಚಹಾಕ್ಕೆ ರಾವಸಾಬರು ಬರುವುದಿಲ್ಲ ಎಂದು ನಾನು ಅಂದುಕೊಂಡಿದ್ದೆ. ಬಂದರು. ಎಂದಿನ ಸ್ಟೂಲಿನ ಮೇಲೆ ಕುಳಿತರು. ಕಾಕೂ ಥರ್ಮಾಸಿನಿಂದ ಚಹಾ ಬಗ್ಗಿಸಿದರು, ಅರ್ಧ ಕಪ್ಪಿಗೇ ನಿಲ್ಲಿಸಿದರು.

"ಇಷ್ಟ ಯಾಕ ವೈನಿ?"

"ಪೂರಾ ಕಪ್ ಮಾಡಾಕ ನಿಮ್ಮ ಪರವಾನಗಿ ಬೇಕಲ್ರಿ ಈಗ."

ರಾವಸಾಬರು ಕಪ್ಪನ್ನೇ ನೋಡುತ್ತ, "ಶಿವಲಿಂಗ, ಎಲ್ಲಾ ಹುಡುಗ ಮಾಡಿದ್ದೋ. ನನಗ ಸಹಿ ಮಾಡು ಅಂದ, ಮಾಡ್ದೆ" ಎಂದರು.

"ಸಹಿ ಮಾಡೂ ಮುಂದ ಓದಲಿಲ್ಲೇನು?" ಎಂದರು ಕಾಕಾ.

"ಇಂಗ್ಲೀಷಿನ್ಯಾಗಿತ್ತು."

"ಕೊರಳ ಅಳಿಯೂ ಮುಂದ ಕನ್ನಡದಾಗ ಹೇಳಿದ್ನೆಲ್ಲೊ!"

ಆ ಮಾತಿನ ಮೇಲೆ ಇಬ್ಬರೂ ಚಹಾ ಕುಡಿದು ಮುಗಿಸಿದರು. ಕೋರ್ಟಿನದು ಕೋರ್ಟಿಗೆ, ಚಹಾದ್ದು ಚಹಾಕ್ಕೆ.

ಕಾಕಾ ತಯಾರಿ ನಿಲ್ಲಿಸಿ ವೃಷಾಲಿ ಮ್ಯಾಡಮ್ಮರಲ್ಲಿಗೆ ಓಡಿದರು. ಮೊದಲು ಮಾಡಿದವನು ನಾನೇ ಎಂಬುದಕ್ಕೆ ಸಾಕ್ಷಿ ಇದೆ ಎಂದು ಎದೆಯುಬ್ಬಿಸಿ ನನ್ನ ಮೊಬೈಲು ಕಸಿದು ಆ ವಿಡಿಯೊ ತೋರಿಸಿದರು. ಹೆಬ್ಬೆರಳು, ಝೆಂಡು ಹೂವು, ಸ್ಕ್ರೂ, ಪೇಢೆ, ವರ್ನಿಯರ್. ಮ್ಯಾಡಮ್ಮರು ಪೂರ್ತಿ ನೋಡಿದರು. ಮೊದಲು ನಕ್ಕರು, ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕಾಕಾ, ಅರ್ಜಿ ಹಾಕೂ ಮೊದಲ ಯಾರಿಗೂ ತೋರ್ಸಿಲ್ಲ ಅಂದಿದ್ರಿ."

"ಯಾರಿಗೂ ಇಲ್ರಿ. ಪೂಜಾಕ್ಕ ಇಟ್ಟಿದ್ದೆ, ಅಷ್ಟ."

"ಗೇಟ್ ತಗದಿತ್ತು?"

"ಖಂಡೇನವಮಿ ದಿವಸ ಗೇಟ್ ಹಾಕ್ತಾರೇನ್ರಿ?"

ಮ್ಯಾಡಮ್ಮರು ನಿಧಾನವಾಗಿ ಬಿಡಿಸಿ ಹೇಳಿದರು. ಪೇಟೆಂಟ್ ಸಿಗುವುದು ಜನಕ್ಕೆ ಗೊತ್ತಿಲ್ಲದ ಹೊಸ ವಸ್ತುವಿಗೆ. ರಾವಸಾಬರ ಅರ್ಜಿಗಿಂತ ಮೊದಲೇ ಅದನ್ನು ಊರೆಲ್ಲ ನೋಡಿದೆ, ಅಳೆದಿದೆ. ಈ ವಿಡಿಯೊ ಪೇಟೆಂಟ್ ಕಚೇರಿಯ ಮುಂದಿಟ್ಟು ವಿರೋಧ ಹಾಕಿದರೆ ರಾವಸಾಬರ ಪೇಟೆಂಟ್ ಉಳಿಯುವುದು ಕಷ್ಟ. ಕಾಕಾ ಮತ್ತೆ ಸ್ಕ್ರೂ ಮಾಡಬಹುದು. ಆದರೆ ಕಾಕಾರ ಅರ್ಜಿ ಇನ್ನೂ ತಡವಾದದ್ದು. ರಾವಸಾಬರದನ್ನು ಮುಳುಗಿಸುವ ವಿಡಿಯೊ ಅದನ್ನೂ ಮುಳುಗಿಸುತ್ತದೆ.

"ಅಂದ್ರ ಯಾರದಾಗತೈತ್ರಿ ಅದು?"

"ಯಾರ್ದೂ ಅಲ್ಲ. ಯಾರು ಬೇಕಾದ್ರೂ ಮಾಡಬಹುದು."

"ನಾ ಹುಡುಕಿದ್ದು, ಮ್ಯಾಡಮ್."

"ಹೌದು ಕಾಕಾ. ಹುಡುಕಿದ್ದು ನೀವ. ಹಂಚಿದ್ದೂ ನೀವ."

ಕಾಕಾ ಒಪ್ಪಲಿಲ್ಲ. ರಾವಸಾಬ ಕದ್ದ ಎಂದೇ ವಾದಿಸಬಾರದೇಕೆ ಎಂದು ಕೇಳಿದರು. ವಾದಿಸಬಹುದು, ಆಗಲೂ ಪೂಜೆಯ ವಿಡಿಯೊ ಹೊರಬಂದೇ ಬರುತ್ತದೆ, ಜೊತೆಗೆ ರಾವಸಾಬರನ್ನು ಕಳ್ಳ ಎಂದು ಬರೆದು ಸಹಿ ಮಾಡಬೇಕಾಗುತ್ತದೆ ಎಂದರು ಮ್ಯಾಡಮ್. ಕಾಕಾ ಪೆನ್ನು ಕೈಗೆತ್ತಿಕೊಳ್ಳಲಿಲ್ಲ. ಆಫೀಸಿಗೆ ಬಂದು ಖಾಲಿ ಫ್ರೇಮಿನ ಕೆಳಗೆ ಕುಳಿತರು. ಮಶೀನುಗಳು ನಿಂತಿದ್ದವು. ಕೆಲಸದವರು ಪೇಪರು ಓದಿ, ಪೇಪರಿನ ಹಿಂಬದಿ ಓದಿ, ಕೊನೆಗೆ ಹರಿಪುರದ ಹೊಳೆಯ ನೀರು ಎಷ್ಟು ಏರಿದೆ ಎಂದು ವಾದ ಮಾಡುತ್ತ ಕುಳಿತರು.

ಕಾಕೂ ಡಬ್ಬಿ ತಂದಾಗ ಗಂಡನ ಮುಖ ನೋಡಿ, "ಗ್ವಾಡಿ ಮ್ಯಾಲಿನ ಆ ಖಾಲಿ ಫ್ರೇಮ್ ತಗೊಂಡು ಡಾಕ್ಟರ್ ಯಾರ ಬೆನ್ನಿಗೆ ಕೂಡಸ್ತಾರ್ರಿ?" ಎಂದರು.

"ನಿನಗ ತಿಳಿಯೂದಿಲ್ಲ ಬಿಡು."

"ತಿಳಿಯೂದಿಲ್ಲೇನು? ಮೊದಲ ನೆಟ್ಟಗ ಕುಂದ್ರಸ್ರಿ ಅಂತ ಹೇಳ್ದಾಕಿ ನಾನು. ಪೇಟೆಂಟ್ ಕೊಡೂದಾದ್ರ ಸರಕಾರ ನನಗ ಕೊಡಬೇಕು. ನಾ ಏನ ಫ್ರೇಮ್ ತಂದೇನೇನು?"

ಕಾಕಾರ ಮನಸ್ಸು ಹೊರಳಿದ್ದು ಮಿರಜಿನಲ್ಲಿ. ನಮ್ಮ ಸರಬರಾಜು ನಿಂತ ಮೇಲೆ ಆ ಸರ್ಜನ್ನರ ಥಿಯೇಟರಿನಲ್ಲಿ ಗೋಡೆಗೆ ಅಂಟಿ ನಿಲ್ಲುವ ಜಾಗ ರಾವಸಾಬರ ಕಂಪನಿಯ ಹುಡುಗನದಾಗಿತ್ತು. ಸಿಸ್ಟರು ಅವನನ್ನು ಕೂಗುವುದೂ "ಏ ಸ್ಕ್ರೂ" ಎಂದೇ. ನನ್ನದೆಂದು ಇದ್ದ ಆ ಒಂದು ಹೆಸರೂ ಹೋಯಿತು. ಹೇಗಾದರೂ ಮಾಡಿ ಸರ್ಜನ್ನರನ್ನು ಹಿಡಿದು ಇಡಬೇಕೆಂದು ಕಾಕಾ ಸ್ವತಃ ನನ್ನೊಡನೆ ಬಂದು ಹೊರಗಿನ ಬೆಂಚಿನ ಮೇಲೆ ಕಾದರು. ಆಪರೇಶನ್ ಮುಗಿಸಿ ಸರ್ಜನ್ನರು ಹೊರಬಂದರು. ಪೇಶಂಟ್ ಅಥಣಿ ಕಡೆಯ ಹೆಣ್ಣುಮಗಳು, ಮಾಳಿಗೆಯಿಂದ ಬಿದ್ದಿದ್ದಳು.

"ಚಲೋ ಆತ್ರಿ" ಎಂದರು ಸರ್ಜನ್ನರು. "ಮುಚ್ಚಳ ಎಲ್ಲಾ ನೆಟ್ಟಗ ಕುಂತು. ಅದ ನಿಮ್ಮ ಕೊರಳಿಂದ. ಹೆಸರ ಅಷ್ಟ ಬ್ಯಾರೆ."

ಕಾಕಾರ ಮುಖದಲ್ಲಿ ಮೊದಲು ಸಂತೋಷ ಬಂತು. ಅದರ ಹಿಂದೆಯೇ ಹೊಟ್ಟೆಕಿಚ್ಚು ಬಂತು. ಎರಡೂ ಜಾಗ ಬಿಡದೆ ಅಲ್ಲೇ ಕುಳಿತವು. ಬೈಕಿನ ಮೇಲೆ ಕುಪವಾಡಕ್ಕೆ ಬಂದೆವು. ಗೇಟಿನ ಹತ್ತಿರ ಇಳಿದು ಹೇಳಿದರು:

"ಅಮರ್ಯಾ, ವಿಡಿಯೊ ಮ್ಯಾಡಮ್‌ಗ ಕಳಸು. ನನ್ನೊಬ್ಬಂದ ಆಗಲಿಲ್ಲ ಅಂದ್ರ ಎಲ್ಲಾರ್ದೂ ಆಗ್ಲಿ. ಆದ್ರ ರಾವಸಾಬ ಒಬ್ಬಂದ ಮಾತ್ರ ಬ್ಯಾಡ."

ಇದು ದೊಡ್ಡ ಮನಸ್ಸಿನ ಮಾತೋ ಸಣ್ಣ ಮನಸ್ಸಿನ ಮಾತೋ ನನಗೆ ಇವತ್ತಿಗೂ ಬಗೆಹರಿದಿಲ್ಲ. ಎರಡನ್ನೂ ಸೇರಿಸಿ ಒಂದೇ ಸಲ ಆಡಬಲ್ಲವರು ಕಾಕಾ.

ವಿಚಾರಣೆ ವಿಡಿಯೊ ಕಾಲ್ ಮೇಲೆ ನಡೆಯಿತು. ನಾವು ನಮ್ಮ ಆಫೀಸಿನಲ್ಲಿ, ರಾವಸಾಬರು ಎದುರಿನ ಶೆಡ್ಡಿನಲ್ಲಿ. ಅಧಿಕಾರಿಗಳು ಇದ್ದದ್ದು ಮುಂಬಯಿಯಲ್ಲಿ. ಕಿಟಕಿಯಿಂದ ಇಣುಕಿದರೆ ರಾವಸಾಬರ ಬೆನ್ನು ಕಾಣುತ್ತಿತ್ತು, ಪರದೆಯ ಮೇಲೆ ಮುಖ. ತುಷಾರನ ವಕೀಲರು ಪೂಜೆ ಖಾಸಗಿ ಧಾರ್ಮಿಕ ಕಾರ್ಯ, ಮನೆಯವರಿಗಷ್ಟೇ ಸೀಮಿತ ಎಂದು ಬಹಳ ಚೆಂದ ವಾದ ಮಾಡಿದರು. ವೃಷಾಲಿ ಮ್ಯಾಡಮ್ಮರು ವಿಡಿಯೊ ಹಚ್ಚಿದರು. ಆ ಹೊತ್ತಿಗೆ ನನ್ನ ಹೆಬ್ಬೆರಳನ್ನು ಭಾರತ ಸರಕಾರದ ಅಧಿಕಾರಿಯೊಬ್ಬರು ಗಂಭೀರವಾಗಿ ವೀಕ್ಷಿಸಿದರು. ನಮ್ಮ ವಂಶದಲ್ಲಿ ಇಂಥ ಗೌರವ ಯಾರಿಗೂ ಸಿಕ್ಕಿಲ್ಲ.

ವರ್ನಿಯರ್ ಹಿಡಿದು ನಿಂತಿರುವವರು ತಾವೇನಾ ಎಂದು ಅಧಿಕಾರಿ ಹಿಂದಿಯಲ್ಲಿ ಕೇಳಿದರು. ವಕೀಲರು ಉತ್ತರಿಸುವ ಮೊದಲೇ ರಾವಸಾಬರು ಬಾಯಿ ತೆಗೆದರು. ಹೌದು, ನಾನೇ, ಆ ಮನೆಯವನೇನೂ ಅಲ್ಲ, ಎದುರಿನವನು; ಪ್ರತಿ ವರ್ಷ ಹೋಗುತ್ತೇನೆ, ಎಲ್ಲರೂ ಹೋಗುತ್ತಾರೆ; ಪೇಢೆ ಶುದ್ಧ ಖೋವಾದ್ದು ಇರುತ್ತದೆ, ಎಂದರು. ಪರದೆಯ ಮೂಲೆಯಲ್ಲಿ ತುಷಾರ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಕಾಕಾ ಕಿಟಕಿಯ ಕಡೆ ತಿರುಗಿ, ಪರದೆಗೆ ಕಾಣದಂತೆ, ಎದುರಿನ ಬೆನ್ನಿಗೆ ಕೈ ಎತ್ತಿ ಮುಗಿದರು.

ಆದೇಶ ಬರಲು ತಡವಾಯಿತು, ಬಂದಾಗ ಮ್ಯಾಡಮ್ಮರು ಹೇಳಿದಂತೆಯೇ ಬಂತು. ರಾವಸಾಬರ ಪೇಟೆಂಟ್ ರದ್ದು. ಕಾಕಾರು ತಮ್ಮ ಅರ್ಜಿಯನ್ನು ತಾವೇ ವಾಪಸು ತೆಗೆದುಕೊಂಡರು. ಮರುದಿನದಿಂದ ಲೇಥುಗಳು ತಿರುಗಿದವು. ಒಂದು ವಾರದೊಳಗೆ ಓಣಿಯಲ್ಲಿ ಇನ್ನೊಬ್ಬರು ಕೊರಳಿನ ಮುಚ್ಚಳ ಮಾಡಲು ಶುರು ಮಾಡಿದರು. ಈಗ ಮಿರಜಿನ ಆ ಥಿಯೇಟರಿನ ಹೊರಗೆ "ಏ ಸ್ಕ್ರೂ" ಎಂದರೆ ಏಳುವವರು ನಾವು ಮೂವರು. ಬೆಳಗಿನ ಚಹಾಕ್ಕೆ ಕಾಕಾ ಮತ್ತು ರಾವಸಾಬರು ಸೇರಿ ಮೂರನೆಯವನನ್ನು ಬೈಯುತ್ತಾರೆ. ಮಂದಿಯ ಸಾಮಾನು ನಕಲು ಮಾಡುವುದಕ್ಕೆ ನಾಚಿಕೆ ಬೇಡವೇ ಎಂದು ರಾವಸಾಬರು ಕೇಳುವಾಗ ಕಾಕೂ ಅವರ ಕಪ್ಪನ್ನು ಮತ್ತೆ ಅರ್ಧಕ್ಕೇ ನಿಲ್ಲಿಸುತ್ತಾರೆ.

ಖಾಲಿ ಫ್ರೇಮು ಗೋಡೆಯ ಮೇಲೆ ಹಾಗೇ ಇದೆ. ತೆಗೆಯೋಣವೇ ಎಂದು ಒಮ್ಮೆ ಕೇಳಿದೆ. ಕಾಕಾ ಸುತ್ತ ನೋಡಿ, ದನಿ ತಗ್ಗಿಸಿ ಹೇಳಿದರು: "ಇರ್ಲಿ. ಒಂದ ಹೊಸಾದ ಮಾಡಾಕತ್ತೇನಿ."

ಅದು ಏನೆಂದು ನನಗೆ ಗೊತ್ತು, ಬರೆಯುವಂತಿಲ್ಲ. ವೃಷಾಲಿ ಮ್ಯಾಡಮ್ಮರು ಫ್ಯಾಕ್ಟರಿಗೇ ಬಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಬಾಯಿಗೆ ಬೀಗ ಹಾಕಿಸಿದ್ದಾರೆ. ಅರ್ಜಿ ತಯಾರಿದೆ, ಹಾಕಿಲ್ಲ. ಯಾಕೆಂದು ಕೇಳಬೇಡಿ. ಪಾಡ್ವಾ ಬರಬೇಕು.

ಅದಕ್ಕೆ ಮೊದಲು ಈ ಸಲದ ಖಂಡೇನವಮಿ ಬಂತು. ಹೊಸ ಸಾಮಾನನ್ನು ಪೂಜೆಗೆ ಇಡದಿದ್ದರೆ ದೇವರು ಏನೆಂದುಕೊಂಡಾನು ಎಂದು ಕಾಕಾ. ಇಟ್ಟರೆ ತಾನು ಏನು ಮಾಡುತ್ತೇನೆಂದು ನೋಡಿ ಎಂದು ಫೋನಿನಲ್ಲಿ ಮ್ಯಾಡಮ್. ಕೊನೆಗೆ ಕಾಕೂ ಮಾವನವರ ಹಳೆಯ ಅರಿಶಿನ ಪೇಟೆಯ ಟವೆಲನ್ನು ಟ್ರಂಕಿನಿಂದ ತೆಗೆದು, ತಾಟಿನ ಮೇಲೆ ಮುಚ್ಚಿ, ಅದರ ಮೇಲೆಯೇ ಕುಂಕುಮ ಹಚ್ಚಿದರು. ನನ್ನ ಮೊಬೈಲನ್ನು ಕಸಿದು ಸೆರಗಿನಲ್ಲಿ ಕಟ್ಟಿಕೊಂಡರು. ಗೇಟು ತೆರೆಯಿತು. ಆರತಿಯ ತನಕ ಕಾಕಾ ತಡೆದುಕೊಂಡರು. ಭಡಂಗ ಹಂಚುವ ತನಕವೂ ತಡೆದರು. ಆಗ ರಾವಸಾಬರು ಬಂದು, ಎರಡು ಪೇಢೆ ತೆಗೆದುಕೊಂಡು, ಟವೆಲಿನ ಉಬ್ಬನ್ನು ನೋಡಿ, "ಏನ ಐತೋ ಶಿವಲಿಂಗ ಇದರಾಗ?" ಎಂದರು.

ಕಾಕಾರ ಕಣ್ಣು ಹೊಳೆಯಿತು. ಕೈ ತಾನಾಗಿಯೇ ಟವೆಲಿನ ಅಂಚಿಗೆ ಹೋಯಿತು.

"ನೋಡ ರಾವಸಾಬ, ಇದು ಹೆಂಗಂದ್ರ..."

ಅಷ್ಟರಲ್ಲಿ ಕಾಕೂ ಪೇಢೆಯೊಂದನ್ನು ಇಡಿಯಾಗಿ ಅವರ ಬಾಯಿಗೆ ತುರುಕಿದರು. ಅದು ಕರಗುವ ಮೊದಲೇ ಇನ್ನೊಂದು ಕೈಯಲ್ಲಿ ಹಿಡಿದು ನಿಂತರು.